ಪ್ರಾಡಕ್ಟ್ ಮ್ಯಾನೇಜರ್‌ಗಳನ್ನು, ಅವರ ಮುಖ್ಯಸ್ಥರನ್ನು ಬೆಳೆಸುವುದು: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರದ ಕಡೆ ಮನೆಯಲ್ಲೇ ಕುಳಿತು ಬೆಂಗಳೂರಿನ ಕಂಪನಿಗಳಿಗೆ ಪ್ರಾಡಕ್ಟ್ ಮ್ಯಾನೇಜರ್ ಆಗಿ ದುಡಿಯುವವರಿದ್ದಾರೆ. ಕಾಫಿ, ಕರಿಮೆಣಸು, ಹೋಂಸ್ಟೇ ವ್ಯವಹಾರಕ್ಕೆಂದು ಆ್ಯಪ್ ಕಟ್ಟುತ್ತಿರುವ ಪುಟ್ಟ ತಂಡಗಳೂ ಇವೆ. ಇಂಥವರಿಗೆ, ಇವರ ಮೇಲಿರುವ ಮುಖ್ಯಸ್ಥರಿಗೆ ಕೋಚಿಂಗ್ ಮಾಡುವುದು ನನ್ನ ವೃತ್ತಿ. ಮೊದಲ ಭೇಟಿಯಲ್ಲಿ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಎಲ್ಲ ಉತ್ತರಗಳ ಹಿಂದೆಯೂ ಒಂದೇ ನಂಬಿಕೆ ಇದೆ: ಪ್ರಾಡಕ್ಟ್ ಮ್ಯಾನೇಜರ್‌ನ ವಿವೇಚನೆ ತರಗತಿಯಲ್ಲಿ ಬೆಳೆಯುವುದಿಲ್ಲ. ಅವರದೇ ಕೆಲಸವನ್ನು ಮುಂದಿಟ್ಟುಕೊಂಡು ವಾರ ವಾರ ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳುವವರೊಬ್ಬರು ಇದ್ದಾಗ ಬೆಳೆಯುತ್ತದೆ.

ಪ್ರಾಡಕ್ಟ್ ಮ್ಯಾನೇಜರ್ ಎಂದರೆ ಯಾವ ಕೆಲಸ? ಮನೆಯವರಿಗೆ ಹೇಗೆ ವಿವರಿಸಲಿ?

ಏನನ್ನು ಕಟ್ಟಬೇಕು, ಏನನ್ನು ಕಟ್ಟಬಾರದು ಎಂದು ತೀರ್ಮಾನಿಸಿ, ಆ ತೀರ್ಮಾನದ ಫಲಕ್ಕೆ ಹೊಣೆಯಾಗುವ ಕೆಲಸ ಎಂದು ಹೇಳಿ. ಕೋಡ್ ಬರೆಯಲು ಎಂಜಿನಿಯರ್‌ಗಳಿದ್ದಾರೆ, ಪರದೆಯ ಮೇಲೆ ಏನು ಎಲ್ಲಿರಬೇಕು ಎಂದು ನೋಡಲು ಡಿಸೈನರ್‌ಗಳಿದ್ದಾರೆ. ಪ್ರಾಡಕ್ಟ್ ಮ್ಯಾನೇಜರ್ ನಾಲ್ಕು ಸಂಗತಿಗಳನ್ನು ಸದಾ ತಲೆಯಲ್ಲಿಟ್ಟುಕೊಂಡಿರಬೇಕು. ಇದು ಜನರಿಗೆ ಬೇಕೇ? ಅವರಿಗೆ ಬಳಸಲು ಬರುತ್ತದೆಯೇ? ನಮ್ಮ ಕೈಯಲ್ಲಿ ಕಟ್ಟಲು ಆಗುತ್ತದೆಯೇ? ಕಾನೂನು, ಹಣಕಾಸು, ಮಾರಾಟ ಇವೆಲ್ಲಕ್ಕೂ ಹೊಂದಿಕೊಂಡು ನಡೆಯುತ್ತದೆಯೇ?

ಈ ಹುದ್ದೆ ಹುಟ್ಟಿದ್ದು ಸಾಫ್ಟ್‌ವೇರ್‌ನಿಂದಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. 1931ರಲ್ಲಿ ಅಮೆರಿಕದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯ ಐವರಿ ಸೋಪಿನ ನೆರಳಿನಲ್ಲಿ ಅದೇ ಕಂಪನಿಯ ಕ್ಯಾಮೆ ಸೋಪು ಸೊರಗುತ್ತಿತ್ತು. ಕ್ಯಾಮೆಯ ಜಾಹೀರಾತು ನೋಡಿಕೊಳ್ಳುತ್ತಿದ್ದ ನೀಲ್ ಮೆಕೆಲ್ರಾಯ್ ಮೇಲಿನವರಿಗೆ ಒಂದು ಟಿಪ್ಪಣಿ ಬರೆದು, ಪ್ರತಿ ಬ್ರ್ಯಾಂಡ್‌ಗೂ ಅದರ ಪೂರ್ತಿ ಹೊಣೆ ಹೊರುವವರು ಬೇಕು ಎಂದು ವಾದಿಸಿದರು. ಮಾರಾಟ ಕುಸಿದ ಪ್ರದೇಶಕ್ಕೆ ಸ್ವತಃ ಹೋಗಿ ವ್ಯಾಪಾರಿಗಳನ್ನೂ ಗ್ರಾಹಕರನ್ನೂ ಕಂಡು ಮಾತನಾಡಬೇಕು ಎಂಬುದು ಆ ಕೆಲಸದ ವಿವರಣೆಯಲ್ಲೇ ಇತ್ತು. ಇಂದಿನ ಎಷ್ಟೋ ಪ್ರಾಡಕ್ಟ್ ಮ್ಯಾನೇಜರ್‌ಗಳು ಕೈಬಿಟ್ಟಿರುವುದು ಸರಿಯಾಗಿ ಈ ಭಾಗವನ್ನೇ.

ಆನ್‌ಲೈನ್ ಕೋರ್ಸ್ ಮುಗಿಸಿದ್ದೇನೆ, ಪ್ರಮಾಣಪತ್ರವೂ ಇದೆ. ಅದರ ಮೇಲೆ ಕೋಚಿಂಗ್ ಯಾಕೆ?

ಕೋರ್ಸ್‌ನಿಂದ ಪರಿಭಾಷೆ ಬರುತ್ತದೆ, ಬ್ಯಾಕ್‌ಲಾಗ್ (ಮಾಡಬೇಕಾದ ಕೆಲಸಗಳ ಪಟ್ಟಿ) ಹೇಗಿಡಬೇಕು, ಸ್ಪ್ರಿಂಟ್ (ಕೆಲವು ವಾರಗಳ ಕೆಲಸದ ಸುತ್ತು) ಹೇಗೆ ನಡೆಯುತ್ತದೆ ಎಂಬ ವಿಧಾನಗಳು ಬರುತ್ತವೆ. ಅಷ್ಟಕ್ಕೆ ಅದು ಒಳ್ಳೆಯದೇ. ಆದರೆ ಸೋಮವಾರ ಬೆಳಿಗ್ಗೆ ಮಾರಾಟ ವಿಭಾಗದ ಮುಖ್ಯಸ್ಥರು ಕರೆ ಮಾಡಿ, ‘ದೊಡ್ಡ ಗ್ರಾಹಕರೊಬ್ಬರು ಈ ಫೀಚರ್ ಬೇಕೆನ್ನುತ್ತಿದ್ದಾರೆ, ಹದಿನೈದು ದಿನದಲ್ಲಿ ಕೊಡಿ’ ಎಂದಾಗ ಏನು ಹೇಳಬೇಕು? ಅದಕ್ಕೆ ಆ ಗ್ರಾಹಕ ಯಾರು, ತಂಡದ ಕೈಯಲ್ಲಿ ಈಗ ಏನಿದೆ, ಆ ಬೇಡಿಕೆಯ ಹಿಂದಿರುವ ನಿಜವಾದ ತೊಂದರೆ ಯಾವುದು ಎಂದೆಲ್ಲ ತೂಗಬೇಕು. ಆ ತೂಗುವಿಕೆ ಕಲಿಯಬೇಕಾದರೆ ನಿಜವಾದ ಸಂದರ್ಭ ಬೇಕು, ನಿಮ್ಮ ಯೋಚನೆ ಎಲ್ಲಿ ಜಾರಿತು ಎಂದು ಆಗಲೇ ಹೇಳುವವರು ಬೇಕು.

ಗೂಗಲ್ 2002ರಲ್ಲಿ ಮರಿಸ್ಸಾ ಮೇಯರ್ ಅವರ ನೇತೃತ್ವದಲ್ಲಿ ಆರಂಭಿಸಿದ ಕಿರಿಯ ಪ್ರಾಡಕ್ಟ್ ಮ್ಯಾನೇಜರ್ ಕಾರ್ಯಕ್ರಮ ಈ ತಿಳಿವಳಿಕೆಯ ಮೇಲೆಯೇ ನಿಂತಿತ್ತು. ಆಗಷ್ಟೇ ಕಾಲೇಜು ಮುಗಿಸಿದವರನ್ನು ತೆಗೆದುಕೊಂಡು ಎರಡು ವರ್ಷ ನಿಜವಾದ ಉತ್ಪನ್ನಗಳ ಮೇಲೆ ನಿಜವಾದ ಹೊಣೆ ಕೊಟ್ಟರು, ಜೊತೆಗೆ ಹಿರಿಯರ ಮಾರ್ಗದರ್ಶನ ಕೊಟ್ಟರು.

ಕೋಚಿಂಗ್ ಯಾರು ಮಾಡಬೇಕು? ಮೇಲಧಿಕಾರಿಯೇ, ಹೊರಗಿನವರೇ?

ಮೇಲಧಿಕಾರಿ. ಈ ವಿಷಯದಲ್ಲಿ ನನಗೆ ಯಾವ ಸಂಶಯವೂ ಇಲ್ಲ. ನಾನು ಹೊರಗಿನವನಾಗಿಯೇ ಈ ಕೆಲಸ ಮಾಡುತ್ತಿದ್ದರೂ ಇದನ್ನೇ ಹೇಳುತ್ತೇನೆ. ತಂಡದವರನ್ನು ಬೆಳೆಸುವುದು ಪ್ರಾಡಕ್ಟ್ ಮುಖ್ಯಸ್ಥರ ಮೊದಲ ಕೆಲಸ, ಬಿಡುವಾದಾಗ ಮಾಡುವ ಹೆಚ್ಚುವರಿ ಉಪಕಾರವಲ್ಲ. ಪ್ರತಿದಿನದ ಕೆಲಸವನ್ನು ಕಣ್ಣಾರೆ ಕಾಣುವವರು ಅವರೊಬ್ಬರೇ.

ಮುಖ್ಯಸ್ಥರಿಗೇ ಕೋಚಿಂಗ್ ಮಾಡಿ ಗೊತ್ತಿಲ್ಲದಿದ್ದರೆ, ಅಥವಾ ಕಂಪನಿಯಲ್ಲಿ ಪ್ರಾಡಕ್ಟ್ ಕೆಲಸ ಬಲ್ಲವರು ಯಾರೂ ಇಲ್ಲದಿದ್ದರೆ ಹೊರಗಿನ ಕೋಚ್ ಬೇಕಾಗುತ್ತದೆ. ಆಗಲೂ ನಾನು ಮೊದಲು ಮುಖ್ಯಸ್ಥರ ಜೊತೆ ಕೂರಲು ಬಯಸುತ್ತೇನೆ. ಕೆಳಗಿನವರಿಗೆ ಒಂದು ರೀತಿ ಕಲಿಸಿ, ಮೇಲಿನವರು ಹಳೆಯ ರೀತಿಯಲ್ಲೇ ಆದೇಶ ಕೊಡುತ್ತಿದ್ದರೆ ಕಲಿತವರಿಗೆ ಸಂಕಟ ಮಾತ್ರ ಹೆಚ್ಚುತ್ತದೆ.

ಆರಂಭ ಎಲ್ಲಿಂದ?

ಈಗ ಎಲ್ಲಿದ್ದೀರಿ ಎಂದು ಪ್ರಾಮಾಣಿಕವಾಗಿ ನೋಡುವುದರಿಂದ. ನಾನು ಮೂರು ಕಡೆ ನೋಡುತ್ತೇನೆ. ಒಂದು, ಉತ್ಪನ್ನದ ಜ್ಞಾನ: ಬಳಕೆದಾರರು, ಅಂಕಿಅಂಶ, ಮಾರುಕಟ್ಟೆ, ಕಂಪನಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದು. ಎರಡು, ಕೆಲಸದ ವಿಧಾನ: ಊಹೆಯನ್ನು ಪರೀಕ್ಷಿಸುವುದು, ಆದ್ಯತೆ ನಿರ್ಧರಿಸುವುದು, ಬಿಡುಗಡೆಯಾದ ಮೇಲೆ ಅಳೆಯುವುದು. ಮೂರು, ಜನರ ಜೊತೆಗಿನ ಕೆಲಸ: ಎಂಜಿನಿಯರ್‌ಗಳ ನಂಬಿಕೆ ಗಳಿಸುವುದು, ಬರೆದು ಮನವರಿಕೆ ಮಾಡುವುದು, ಇಲ್ಲ ಎನ್ನಬೇಕಾದಲ್ಲಿ ಇಲ್ಲ ಎನ್ನುವುದು.

ಪ್ರತಿಯೊಂದರಲ್ಲೂ ಮ್ಯಾನೇಜರ್ ತಾನು ಎಲ್ಲಿದ್ದೇನೆ ಎಂದು ಬರೆಯುತ್ತಾರೆ, ಅವರ ಮೇಲಧಿಕಾರಿ ಪ್ರತ್ಯೇಕವಾಗಿ ಬರೆಯುತ್ತಾರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಎಲ್ಲಿ ವ್ಯತ್ಯಾಸ ದೊಡ್ಡದಿದೆಯೋ ಅಲ್ಲಿಂದ ಮಾತು ಶುರುವಾಗುತ್ತದೆ. ಕೊರತೆಗಳು ಹತ್ತು ಕಂಡರೂ ಮೊದಲ ಮೂರು ತಿಂಗಳಿಗೆ ಒಂದೆರಡನ್ನು ಮಾತ್ರ ಆರಿಸುತ್ತೇವೆ. ಉತ್ಪನ್ನದ ಜ್ಞಾನವೇ ತೆಳುವಾಗಿದ್ದರೆ ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಬಳಕೆದಾರರನ್ನೇ ಅರಿಯದವರಿಗೆ ಆದ್ಯತೆ ನಿರ್ಧರಿಸುವ ಸೂತ್ರ ಕಲಿಸುವುದು ವ್ಯರ್ಥ ಶ್ರಮ.

ಬಳಕೆದಾರರನ್ನು ಅರಿಯುವುದು ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಕಲಿಸುವುದು ಹೇಗೆ?

ಜೊತೆಯಲ್ಲಿ ಕರೆದುಕೊಂಡು ಹೋಗಿ. ಬೇರೆ ದಾರಿ ನನಗೆ ಕಂಡಿಲ್ಲ.

ಕೊಡಗು ಇದಕ್ಕೆ ಹೇಳಿ ಮಾಡಿಸಿದ ಜಾಗ. ಇಲ್ಲಿ ಬಳಕೆದಾರರು ಮನೆಯ ಹೊಸ್ತಿಲಾಚೆಯೇ ಇದ್ದಾರೆ, ಅವರ ಬದುಕು ನಗರದಲ್ಲಿ ಕುಳಿತು ಊಹಿಸಿದಂತೆ ಇರುವುದಿಲ್ಲ. ಒಂದು ಸಣ್ಣ ಸಂಗತಿ ನೋಡಿ. ಹವಾಮಾನದ ಆ್ಯಪ್‌ಗಳು ಮಳೆಯನ್ನು ಮಿಲಿಮೀಟರ್‌ನಲ್ಲಿ ತೋರಿಸುತ್ತವೆ. ಕೊಡಗಿನ ಬೆಳೆಗಾರರು ಮಾತನಾಡುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟ್ ಒಂದು ಇಂಚು. ಮನೆಯಂಗಳದ ಮಳೆಮಾಪಕದಲ್ಲಿ ಅಳೆದದ್ದನ್ನು ಪುಸ್ತಕದಲ್ಲಿ ಬರೆದಿಡುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆಗೆ ಕಾಯುತ್ತಿರುವ ರೊಬಸ್ಟಾ ಕಾಫಿ ಬೆಳೆಗಾರರ ಮುಂದೆ ‘25 ಮಿಲಿಮೀಟರ್’ ಎಂದು ತೋರಿಸಿದರೆ ಅವರು, ‘ಅದು ಎಷ್ಟು ಇಂಚಾಯಿತು, ಹೂ ಬಿಡಲು ಸಾಕೇ, ಇಲ್ಲ ಸ್ಪ್ರಿಂಕ್ಲರ್ ಹಾಕಬೇಕೇ?’ ಎಂದು ಕೇಳುತ್ತಾರೆ. ಆ ಒಂದು ಪ್ರಶ್ನೆಯಲ್ಲಿ ಉತ್ಪನ್ನಕ್ಕೆ ಬೇಕಾದ ಎಲ್ಲವೂ ಇದೆ. ಅಳತೆಯನ್ನು ಬದಲಿಸುವುದು ಅರ್ಧ ದಿನದ ಕೆಲಸ. ಅವರು ನಿಜಕ್ಕೂ ಕೇಳುತ್ತಿರುವುದು ಸ್ಪ್ರಿಂಕ್ಲರ್‌ಗೆ ಡೀಸೆಲ್ ಸುರಿಯಬೇಕೇ ಬೇಡವೇ ಎಂಬ ತೀರ್ಮಾನಕ್ಕೆ ನೆರವು. ಕಚೇರಿಯಲ್ಲಿ ಕುಳಿತು ಸಮೀಕ್ಷೆ ಕಳುಹಿಸಿದ್ದರೆ ‘ಮಳೆಯ ಮಾಹಿತಿ ಬೇಕು’ ಎಂಬ ಉತ್ತರ ಬರುತ್ತಿತ್ತು, ಅಷ್ಟೇ.

ಇನ್ನೊಂದು ಉದಾಹರಣೆ ಕೊಯ್ಲಿನ ಲೆಕ್ಕದ್ದು. ತೋಟಗಳಲ್ಲಿ ಕಾಫಿ ಹಣ್ಣು ಕೊಯ್ದವರ ಚೀಲಗಳನ್ನು ಸಂಜೆ ತೂಗಿ ರೈಟರ್ ಲೆಕ್ಕ ಬರೆಯುತ್ತಾರೆ. ಆ ಪುಸ್ತಕವನ್ನು ಮೊಬೈಲ್‌ಗೆ ತರಬೇಕೆಂದು ಹೊರಟ ಯಾರಿಗೇ ಆಗಲಿ ನಾನು ಹೇಳುವುದು ಒಂದೇ: ಪರದೆಯ ಚಿತ್ರ ಬಿಡಿಸುವ ಮೊದಲು ಕೆಲವು ಸಂಜೆ ತಕ್ಕಡಿಯ ಪಕ್ಕದಲ್ಲಿ ನಿಂತು ಸುಮ್ಮನೆ ನೋಡಿ. ಗಂಡ ಹೆಂಡತಿ ಕೊಯ್ದದ್ದು ಒಂದೇ ಚೀಲದಲ್ಲಿ ಬರುವುದುಂಟು. ಹಾಗಾದರೆ ಲೆಕ್ಕ ಯಾರ ಹೆಸರಿಗೆ? ತೋಟದ ತಗ್ಗಿನಲ್ಲಿ ಸಿಗ್ನಲ್ ಇರುವುದಿಲ್ಲ. ರೈಟರ್ ಕನ್ನಡದಲ್ಲಿ ಬರೆಯುತ್ತಾರೆ, ಎದುರು ನಿಂತವರ ಮನೆಮಾತು ಯರವ, ಮಲಯಾಳ, ತಮಿಳು ಅಥವಾ ಅಸ್ಸಾಂ ಕಡೆಯ ಯಾವುದೋ ಭಾಷೆ. ತೂಕ ಗಟ್ಟಿಯಾಗಿ ಹೇಳುವುದು, ಕೊಯ್ದವರು ಅದನ್ನು ಕಿವಿಯಾರೆ ಕೇಳುವುದು, ಇದರಲ್ಲಿ ಒಂದು ನಂಬಿಕೆಯ ವ್ಯವಸ್ಥೆ ಇದೆ. ಫೋನಿನ ಮೇಲೆ ಮೌನವಾಗಿ ಬೆರಳಾಡಿಸುವ ಆ್ಯಪ್ ಬಂದರೆ ಅದು ಮುರಿಯುತ್ತದೆ.

ಇಂಥ ಭೇಟಿಯ ನಂತರ ಕೋಚ್ ಮಾಡಬೇಕಾದ ಕೆಲಸ ಮುಖ್ಯ. ಅದೇ ದಿನ ಕುಳಿತು ಮೂರು ಪ್ರಶ್ನೆ ಕೇಳಿ: ಏನು ನೋಡಿದಿರಿ, ಏನು ಕೇಳಿದಿರಿ, ಯಾವುದು ನಿಮ್ಮ ಊಹೆ? ಹೊಸಬರು ಈ ಮೂರನ್ನೂ ಕಲಸಿಬಿಡುತ್ತಾರೆ. ‘ರೈಟರ್‌ಗೆ ಆ್ಯಪ್ ಇಷ್ಟವಾಯಿತು’ ಎನ್ನುತ್ತಾರೆ. ಕೆದಕಿದರೆ, ಮನೆಗೆ ಬಂದವರ ಮನಸ್ಸು ನೋಯಿಸಬಾರದೆಂದು ಅವರು ‘ಚೆನ್ನಾಗಿದೆ’ ಎಂದಿರುತ್ತಾರೆ. ನಮ್ಮ ಊರಿನ ಜನ ಅತಿಥಿಯ ಮುಖಕ್ಕೆ ಚೆನ್ನಾಗಿಲ್ಲ ಎನ್ನುವವರಲ್ಲ. ಹಾಗಾಗಿ ಅಭಿಪ್ರಾಯ ಕೇಳುವುದನ್ನು ಬಿಟ್ಟು, ‘ನಿನ್ನೆಯ ಲೆಕ್ಕ ಹೇಗೆ ಬರೆದಿರಿ, ತೋರಿಸುತ್ತೀರಾ?’ ಎಂದು ಕೇಳುವುದನ್ನು ಕಲಿಸಬೇಕು.

ಕಾನೂನು, ಹಣಕಾಸಿನ ಅಡಚಣೆಗಳನ್ನು ಹೊಸಬರು ಗಮನಿಸುವುದೇ ಇಲ್ಲ. ಹೇಗೆ ಎಚ್ಚರಿಸಲಿ?

ಊರಿನದೇ ಸಮಸ್ಯೆಯೊಂದನ್ನು ಕೊಟ್ಟು ಬಿಡಿಸಲು ಹೇಳಿ. ನಾನು ಕೊಡುವುದು ಜಮ್ಮಾ ಬಾಣೆಯದ್ದು, ಅಂದರೆ ಕೊಡಗಿನ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮೀನಿನದ್ದು. ಬೆಳೆಗಾರರಿಗೆ ಮೊಬೈಲ್‌ನಲ್ಲೇ ಸಾಲ ಮಂಜೂರು ಮಾಡುವ ಉತ್ಪನ್ನ ಕಟ್ಟುತ್ತಿದ್ದೀರಿ ಎಂದುಕೊಳ್ಳಿ. ಅರ್ಜಿದಾರರ ಹೆಸರು ಪಹಣಿಯ ಹೆಸರಿಗೆ ತಾಳೆಯಾದರೆ ಮುಂದಕ್ಕೆ, ಇಲ್ಲದಿದ್ದರೆ ತಿರಸ್ಕಾರ ಎಂಬ ನಿಯಮ ಬರೆದಿದ್ದೀರಿ. ಬೇರೆ ಜಿಲ್ಲೆಗಳಲ್ಲಿ ಇದು ಬಹುಮಟ್ಟಿಗೆ ನಡೆಯಬಹುದು. ಕೊಡಗಿನಲ್ಲಿ ಜಮ್ಮಾ ಜಮೀನು ಒಕ್ಕಕ್ಕೆ, ಅಂದರೆ ಇಡೀ ಮನೆತನಕ್ಕೆ ಸೇರಿದ್ದು, ದಾಖಲೆಯಲ್ಲಿ ಪಟ್ಟೇದಾರರ (ಒಕ್ಕದ ಹಿರಿಯರ) ಹೆಸರು ಮುಂದಿರುತ್ತದೆ, ನಿಜವಾಗಿ ದುಡಿಯುವವರು ಒಕ್ಕದ ಬೇರೆ ಬೇರೆ ಸದಸ್ಯರು. ಆ ಒಂದು ನಿಯಮ ಎಷ್ಟು ಒಳ್ಳೆಯ ಬೆಳೆಗಾರರನ್ನು ಹೊರಗೆ ತಳ್ಳುತ್ತದೆ? ಹಾಗೆಂದು ನಿಯಮ ತೆಗೆದರೆ ಬ್ಯಾಂಕಿನ ಕಾನೂನು ವಿಭಾಗ ಒಪ್ಪುತ್ತದೆಯೇ?

ಇದನ್ನು ಬಿಡಿಸಲು ಹೊರಟವರು ತಾವಾಗಿಯೇ ವಕೀಲರ ಬಳಿಗೆ, ತಾಲ್ಲೂಕು ಕಚೇರಿಗೆ, ಬ್ಯಾಂಕಿನವರ ಬಳಿಗೆ ಹೋಗಬೇಕಾಗುತ್ತದೆ. ಕೋಡ್ ಬರೆಯುವ ಮೊದಲೇ ಹೋಗುವುದನ್ನು ರೂಢಿ ಮಾಡಿಸಿ.

ವಾರದ ಭೇಟಿ ಹೇಗಿರಬೇಕು?

ಅರ್ಧ ಗಂಟೆಗಿಂತ ಕಡಿಮೆಯಾಗಬಾರದು, ಹೊಸಬರಿಗಾದರೆ ಒಂದು ಗಂಟೆ ಇರಲಿ. ವಾರಕ್ಕೊಮ್ಮೆ, ನಿಗದಿತ ಹೊತ್ತಿಗೆ. ರದ್ದು ಮಾಡಬೇಡಿ, ತೀರಾ ಅನಿವಾರ್ಯವಾದರೆ ಅದೇ ವಾರ ಬೇರೆ ದಿನಕ್ಕೆ ಹಾಕಿ. ಎರಡು ಸಲ ರದ್ದಾದರೆ, ತನ್ನ ಬೆಳವಣಿಗೆ ಇವರಿಗೆ ಮುಖ್ಯವಲ್ಲ ಎಂದು ಎದುರಿನವರು ತೀರ್ಮಾನಿಸಿಬಿಡುತ್ತಾರೆ. ಅವರನ್ನು ತಪ್ಪೆನ್ನಲಾಗುವುದಿಲ್ಲ.

ಈ ಭೇಟಿಯಲ್ಲಿ ‘ಆ ಕೆಲಸ ಎಲ್ಲಿಗೆ ಬಂತು, ಈ ಟಿಕೆಟ್ ಮುಗಿಯಿತೇ’ ಎಂದು ಕೇಳಬೇಡಿ. ಅದನ್ನು ಬರೆದು ಕಳುಹಿಸಲಿ. ಮಾತು ಯೋಚನೆಯ ಬಗ್ಗೆ ಇರಲಿ. ಈ ವಾರ ತೆಗೆದುಕೊಂಡ ಅತ್ಯಂತ ಕಷ್ಟದ ತೀರ್ಮಾನ ಯಾವುದು? ಬೇರೆ ಯಾವ ಆಯ್ಕೆಗಳಿದ್ದವು? ಯಾವ ಮಾಹಿತಿ ಸಿಕ್ಕಿದ್ದರೆ ತೀರ್ಮಾನ ಬದಲಾಗುತ್ತಿತ್ತು? ಈ ಕೊನೆಯ ಪ್ರಶ್ನೆಯನ್ನು ನಾನು ಬಿಡುವುದೇ ಇಲ್ಲ. ಅದಕ್ಕೆ ಉತ್ತರವಿಲ್ಲದಿದ್ದರೆ ಅವರು ತೀರ್ಮಾನಿಸಿಲ್ಲ, ಯಾರೋ ಹೇಳಿದ್ದನ್ನು ದಾಟಿಸಿದ್ದಾರೆ.

ಇನ್ನು ನಿಮ್ಮ ನಾಲಗೆಯ ಬಗ್ಗೆ. ಉತ್ತರ ನಿಮಗೆ ಗೊತ್ತಿರುತ್ತದೆ, ಹೇಳಿದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಹೇಳಬೇಡಿ. ಅವರು ತಡವರಿಸಲಿ, ಮೌನ ಇರಲಿ. ನೀವು ಉತ್ತರ ಕೊಟ್ಟಷ್ಟೂ ಅವರು ಪ್ರಶ್ನೆ ಹಿಡಿದು ನಿಮ್ಮ ಬಳಿ ಬರುವುದು ಹೆಚ್ಚಾಗುತ್ತದೆ. ವರ್ಷ ಕಳೆಯುವ ಹೊತ್ತಿಗೆ ನಿಮ್ಮ ತಂಡದಲ್ಲಿ ಯೋಚಿಸುವವರು ನೀವೊಬ್ಬರೇ ಉಳಿಯುತ್ತೀರಿ. ಗ್ರಾಹಕರಿಗೆ ಹಾನಿಯಾಗುವ, ಹಣ ಕಳೆದುಹೋಗುವ, ಕಾನೂನು ಮೀರುವ ತಪ್ಪು ಕಂಡರೆ ಮಾತ್ರ ತಕ್ಷಣ ತಡೆಯಿರಿ.

ಎಲ್ಲವನ್ನೂ ಬರೆಯಲು ಹೇಳುತ್ತೀರಲ್ಲ, ಸ್ಲೈಡ್ ಸಾಲದೇ?

ಸಾಲದು. ಸ್ಲೈಡಿನ ಮೂರು ಬಿಡಿ ಸಾಲುಗಳ ನಡುವೆ ತರ್ಕದ ಕೊರತೆ ಸಲೀಸಾಗಿ ಅಡಗುತ್ತದೆ. ಅಮೆಜಾನ್‌ನಲ್ಲಿ ಜೆಫ್ ಬೆಜೋಸ್ 2004ರಲ್ಲಿ ಹಿರಿಯರ ಸಭೆಗಳಿಂದ ಪವರ್‌ಪಾಯಿಂಟ್ ತೆಗೆದುಹಾಕಿದರು. ಅದರ ಜಾಗಕ್ಕೆ ಪೂರ್ಣ ವಾಕ್ಯಗಳಲ್ಲಿ ಬರೆದ, ಆರು ಪುಟ ಮೀರದ ಟಿಪ್ಪಣಿ ಬಂತು. ಸಭೆಯ ಆರಂಭದಲ್ಲಿ ಎಲ್ಲರೂ ಮೌನವಾಗಿ ಅದನ್ನು ಓದುತ್ತಾರೆ, ನಂತರ ಚರ್ಚೆ.

ನಮಗೆ ಆರು ಪುಟ ಬೇಡ, ಒಂದೂವರೆ ಪುಟ ಸಾಕು. ಕನ್ನಡದಲ್ಲಿ ಯೋಚನೆ ಸಲೀಸಾಗಿ ಬರುವುದಾದರೆ ಮೊದಲ ಕರಡನ್ನು ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್‌ನ ಸಿದ್ಧ ಪದಗುಚ್ಛಗಳ ಆಸರೆ ತಪ್ಪಿದಾಗ, ಹೇಳಲು ನಿಮ್ಮಲ್ಲಿ ಏನಿದೆ ಎಂಬುದು ಬೇಗ ಬಯಲಾಗುತ್ತದೆ. ಇದರಿಂದ ಬಹಳ ಜನರ ಬರವಣಿಗೆ ತಿಳಿಯಾದುದನ್ನು ನೋಡಿದ್ದೇನೆ.

ಅಂಕಿಅಂಶಗಳೇ ಎಲ್ಲವನ್ನೂ ಹೇಳುತ್ತವಲ್ಲ?

ಏನಾಯಿತು ಎಂದು ಹೇಳುತ್ತವೆ. ಏಕೆ ಎಂದು ಹೇಳುವುದಿಲ್ಲ. ಮಳೆಗಾಲದಲ್ಲಿ ಕೊಡಗಿನ ಹೋಂಸ್ಟೇ ಬುಕಿಂಗ್ ಕುಸಿದ ರೇಖೆಯನ್ನು ಮಾತ್ರ ನೋಡಿದವರು ಪಾವತಿ ಪುಟವನ್ನು ಹೊಸದಾಗಿ ಬಿಡಿಸಲು ಹೊರಡಬಹುದು. 2018ರ ಆಗಸ್ಟ್‌ನ ಭೂಕುಸಿತ ಗೊತ್ತಿದ್ದವರು ಮೊದಲು ರಸ್ತೆಯ ಸ್ಥಿತಿ, ಹಣ ವಾಪಸಾತಿಯ ನಿಯಮ, ಪ್ರವಾಸಿಗರ ಭಯ ಇವನ್ನು ವಿಚಾರಿಸುತ್ತಾರೆ.

ನಾನು ಮಡಿಕೇರಿಯಲ್ಲಿ, ತಂಡ ಬೆಂಗಳೂರಿನಲ್ಲಿ. ನನ್ನ ಬೆಳವಣಿಗೆ ಹಿಂದೆ ಬೀಳುತ್ತದೆಯೇ?

ಬೀಳಬಹುದು, ಸುಮ್ಮನಿದ್ದರೆ. ಕಚೇರಿಯಲ್ಲಿ ಇರುವವರು ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ ಕಲಿಯುವುದು ನಿಮಗೆ ಸಿಗುವುದಿಲ್ಲ. ಅದನ್ನು ಕೇಳಿ ಪಡೆಯಬೇಕು. ದೊಡ್ಡ ಸಭೆಯ ನಂತರ ಮುಖ್ಯಸ್ಥರಿಗೆ ಹತ್ತು ನಿಮಿಷದ ಕರೆ ಮಾಡಿ, ‘ನನ್ನ ವಾದ ಎಲ್ಲಿ ದುರ್ಬಲವಾಗಿತ್ತು?’ ಎಂದು ಕೇಳಿ. ಮುಖ್ಯಸ್ಥರೂ ಇದನ್ನು ಹೊರೆ ಎಂದು ಎಣಿಸಬಾರದು.

ಜೂನ್‌ನಿಂದ ಆಗಸ್ಟ್‌ವರೆಗೆ ವಿದ್ಯುತ್, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಮರ ಬಿದ್ದು ದಿನಗಟ್ಟಲೆ ಕತ್ತಲಾಗುವ ಕಡೆಯವರು ನನ್ನ ಬಳಿ ಬರುತ್ತಾರೆ. ಆ ತಿಂಗಳುಗಳಲ್ಲಿ ವಿಡಿಯೊ ಕರೆಯನ್ನು ನಂಬಬೇಡಿ. ಬರೆದ ಟಿಪ್ಪಣಿ, ಅದರ ಮೇಲೆ ಬರೆದ ಪ್ರತಿಕ್ರಿಯೆ, ಸಿಗ್ನಲ್ ಸಿಕ್ಕಾಗ ಸಾಮಾನ್ಯ ಫೋನ್ ಕರೆ, ಹೀಗೆ ಮೊದಲೇ ಮಾತನಾಡಿಕೊಳ್ಳಿ. ಮೂರು ತಿಂಗಳಿಗೊಮ್ಮೆಯಾದರೂ ತಂಡದ ಜೊತೆ ಕೆಲವು ದಿನ ಕಳೆಯಲು ಕಂಪನಿ ಪ್ರಯಾಣದ ವೆಚ್ಚ ಕೊಡಬೇಕು. ಎಂಜಿನಿಯರ್‌ಗಳ ಜೊತೆ ಒಮ್ಮೆ ಊಟ ಮಾಡಿದ ಮೇಲೆ ಫೋನಿನಲ್ಲಿ ಜಗಳವಾಡುವುದೂ ಸುಲಭವಾಗುತ್ತದೆ.

ಎಂಜಿನಿಯರಿಂಗ್ ಓದಿಲ್ಲ. ಹೋಂಸ್ಟೇ ನಡೆಸಿದ ಅನುಭವ ಮಾತ್ರ ಇದೆ. ಈ ಕ್ಷೇತ್ರಕ್ಕೆ ಬರಬಹುದೇ?

ಖಂಡಿತ ಬರಬಹುದು. ಅತಿಥಿಗಳ ಬೇಡಿಕೆ, ಕೋಣೆಯ ದರ, ಕೆಲಸದವರ ರಜೆ, ಪರವಾನಗಿ ಇವೆಲ್ಲವನ್ನೂ ಒಟ್ಟಿಗೆ ತೂಗಿದವರಲ್ಲಿ ಈ ಕೆಲಸಕ್ಕೆ ಬೇಕಾದ ಅರ್ಧ ಗುಣ ಆಗಲೇ ಇದೆ. ಉಳಿದರ್ಧ, ಅಂದರೆ ತಂತ್ರಾಂಶ ಹೇಗೆ ಕಟ್ಟಲ್ಪಡುತ್ತದೆ, ಅಂಕಿಅಂಶ ಹೇಗೆ ಓದಬೇಕು ಎಂಬುದನ್ನು ಒಬ್ಬ ತಾಳ್ಮೆಯ ಎಂಜಿನಿಯರ್ ಪಕ್ಕದಲ್ಲಿ ಕುಳಿತು ಕಲಿಯಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿದರೆ ಎಂಜಿನಿಯರ್‌ಗಳು ಗೌರವಿಸುತ್ತಾರೆ, ನಟಿಸಿದರೆ ಒಂದೇ ವಾರದಲ್ಲಿ ಕಂಡುಹಿಡಿಯುತ್ತಾರೆ.

ಅತ್ಯುತ್ತಮ ಪ್ರಾಡಕ್ಟ್ ಮ್ಯಾನೇಜರ್‌ಗೆ ಬಡ್ತಿ ಕೊಟ್ಟು ಮುಖ್ಯಸ್ಥರನ್ನಾಗಿ ಮಾಡಿದೆವು. ಈಗ ಅವರೂ ಒದ್ದಾಡುತ್ತಿದ್ದಾರೆ, ತಂಡವೂ ಒದ್ದಾಡುತ್ತಿದೆ. ಯಾಕೆ?

ಏಕೆಂದರೆ ಕೆಲಸವೇ ಬದಲಾಗಿದೆ, ಅದನ್ನು ಯಾರೂ ಅವರಿಗೆ ಹೇಳಿಲ್ಲ. ನಿನ್ನೆಯವರೆಗೆ ಒಳ್ಳೆಯ ತೀರ್ಮಾನಕ್ಕಾಗಿ ಮೆಚ್ಚುಗೆ ಸಿಗುತ್ತಿತ್ತು. ಇಂದಿನಿಂದ ಬೇರೆಯವರು ಒಳ್ಳೆಯ ತೀರ್ಮಾನ ತೆಗೆದುಕೊಳ್ಳುವಂತೆ ಮಾಡಬೇಕು. ಹಳೆಯ ಅಭ್ಯಾಸ ಬಿಡದೆ ಅವರು ಪ್ರತಿ ತಂಡದ ಕೆಲಸಕ್ಕೂ ಕೈ ಹಾಕುತ್ತಾರೆ, ರಾತ್ರಿ ಕುಳಿತು ಕಿರಿಯರ ಟಿಪ್ಪಣಿ ತಿದ್ದುತ್ತಾರೆ, ಸಭೆಯಲ್ಲಿ ಅವರ ಪರವಾಗಿ ತಾವೇ ಮಾತನಾಡುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಇದನ್ನು ವಿವರಿಸುವುದು ಸುಲಭ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವವನ್ನು ನೋಡದವರು ಇಲ್ಲಿ ಕಡಿಮೆ. ಮೈದಾನದ ಅಂಚಿನಲ್ಲಿ ನಿಂತ ಕೋಚ್ ಎಷ್ಟೇ ದೊಡ್ಡ ಆಟಗಾರರಾಗಿದ್ದರೂ ಚೆಂಡು ಜಾರಿದಾಗ ಸ್ಟಿಕ್ ಹಿಡಿದು ಒಳಗೆ ಓಡುವಂತಿಲ್ಲ. ಅವರ ಕೆಲಸ ಪಂದ್ಯದ ಮೊದಲು ಆಗಿರಬೇಕು, ಪಂದ್ಯದ ನಂತರ ಆಗಬೇಕು. ಸಿಲಿಕಾನ್ ವ್ಯಾಲಿಯಲ್ಲಿ ಆ್ಯಪಲ್‌ನ ಸ್ಟೀವ್ ಜಾಬ್ಸ್, ಗೂಗಲ್‌ನ ಎರಿಕ್ ಶ್ಮಿಟ್, ಲ್ಯಾರಿ ಪೇಜ್ ಮೊದಲಾದವರಿಗೆ ಮಾರ್ಗದರ್ಶಕರಾಗಿದ್ದ, 2016ರಲ್ಲಿ ತೀರಿಕೊಂಡ ಬಿಲ್ ಕ್ಯಾಂಪ್‌ಬೆಲ್ ಕೂಡ ಮೊದಲು ಕೊಲಂಬಿಯಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಕೋಚ್ ಆಗಿದ್ದವರೇ.

ಬಡ್ತಿ ಪಡೆದವರಿಗೆ ನಾನು ಮೊದಲು ಮಾಡಿಸುವುದು ಒಂದು ಲೆಕ್ಕ: ಕಳೆದ ತಿಂಗಳು ನಿಮ್ಮ ಸಮಯ ಎಲ್ಲಿ ಹೋಯಿತು? ದಿನಚರಿ ತೆರೆದು ಒಟ್ಟಿಗೆ ನೋಡುತ್ತೇವೆ. ಜನರನ್ನು ಬೆಳೆಸಲು, ಒಳ್ಳೆಯವರನ್ನು ನೇಮಿಸಲು, ಕಾರ್ಯತಂತ್ರ ಬರೆಯಲು ಎಷ್ಟು ಹೊತ್ತು ಸಿಕ್ಕಿದೆ ಎಂದು ಕಂಡಾಗ ಅವರ ಮುಖವೇ ಎಲ್ಲ ಹೇಳುತ್ತದೆ. ನಂತರ ಒಂದು ಉತ್ಪನ್ನವನ್ನು ಪೂರ್ತಿಯಾಗಿ ಒಬ್ಬ ಕಿರಿಯರ ಕೈಗೆ ಬಿಡಿಸುತ್ತೇನೆ. ಯಾವ ತೀರ್ಮಾನಗಳನ್ನು ಆ ಕಿರಿಯರು ತಾವೇ ತೆಗೆದುಕೊಳ್ಳಬಹುದು, ಯಾವುದನ್ನು ಮೊದಲು ಕೇಳಬೇಕು ಎಂಬುದನ್ನು ಮುಖ್ಯಸ್ಥರು ಬರೆದಿಡುತ್ತಾರೆ. ಬರೆದ ಮೇಲೆ ಮಧ್ಯೆ ಪ್ರವೇಶಿಸುವಂತಿಲ್ಲ. ಈ ಹಂತದಲ್ಲಿ ಅವರಿಗೆ ನಿಜವಾದ ಯಾತನೆ ಆಗುತ್ತದೆ, ಅದಕ್ಕೆ ಕೋಚ್ ಜೊತೆಯಲ್ಲಿರಬೇಕು.

ಇನ್ನೂ ಒಂದು ಮಾತು. ಮುಖ್ಯಸ್ಥರಾಗಲು ಮನಸ್ಸಿಲ್ಲದ ಒಳ್ಳೆಯ ಪ್ರಾಡಕ್ಟ್ ಮ್ಯಾನೇಜರ್‌ಗಳಿದ್ದಾರೆ. ಅವರಿಗೆ ತಂಡ ಕಟ್ಟದೆಯೇ ಸಂಬಳ, ಗೌರವ ಎರಡೂ ಏರುವ ದಾರಿಯನ್ನು ಕಂಪನಿ ಮಾಡಿಕೊಡಬೇಕು.

ಕಾರ್ಯತಂತ್ರ ರೂಪಿಸುವುದನ್ನು ಕಲಿಸಬಹುದೇ?

ಕಲಿಸಬಹುದು. ಬೇಡ ಎನ್ನುವುದನ್ನು ಮೊದಲು ಬರೆಸಿ. ಈ ವರ್ಷ ಯಾವ ಗ್ರಾಹಕರಿಗಾಗಿ ಕೆಲಸ ಮಾಡುವುದಿಲ್ಲ, ಯಾವ ಸಮಸ್ಯೆಗೆ ಕೈ ಹಾಕುವುದಿಲ್ಲ, ಯಾಕೆ? ಕಾಫಿ ಬೆಳೆಗಾರರಿಗೆ ಆ್ಯಪ್ ಕಟ್ಟುವ ತಂಡ ದರ, ಮಳೆ, ಕೂಲಿ ಲೆಕ್ಕ, ಕಾಯಿಕೊರಕದ ಸಲಹೆ, ಗೊಬ್ಬರ ಮಾರಾಟ ಎಲ್ಲವನ್ನೂ ಒಂದೇ ವರ್ಷದಲ್ಲಿ ಹಿಡಿದರೆ ಎಲ್ಲವೂ ಅರೆಬರೆಯಾಗುತ್ತವೆ. ರೊಬಸ್ಟಾ ದರ ಲಂಡನ್ ಮಾರುಕಟ್ಟೆಯನ್ನೂ ಅರೇಬಿಕಾ ದರ ನ್ಯೂಯಾರ್ಕ್ ಮಾರುಕಟ್ಟೆಯನ್ನೂ ಅನುಸರಿಸುತ್ತವೆ. ಬೆಳೆಗಾರರಿಗೆ ಬೇಕಾದದ್ದು ತನ್ನ 50 ಕೆ.ಜಿ. ಚೀಲಕ್ಕೆ, ತನ್ನ ಕಾಫಿಯ ಔಟ್‌ಟರ್ನ್‌ಗೆ (ಚೀಲದಿಂದ ಸಿಗುವ ಬೇಳೆಯ ಪ್ರಮಾಣಕ್ಕೆ) ಸ್ಥಳೀಯ ವ್ಯಾಪಾರಿ ಇಂದು ಎಷ್ಟು ಕೊಡುತ್ತಾರೆ ಎಂಬ ಲೆಕ್ಕ. ಇದೊಂದನ್ನೇ ಚೆನ್ನಾಗಿ ಮಾಡುತ್ತೇವೆ ಎಂದು ನಿಲ್ಲುವ ಧೈರ್ಯವಿದೆಯೇ ಎಂದು ನಾನು ಕೇಳುತ್ತೇನೆ.

ಓಕೆಆರ್ (ಗುರಿ, ಅದನ್ನು ಅಳೆಯುವ ಮುಖ್ಯ ಫಲಿತಾಂಶಗಳು) ಬಗ್ಗೆಯೂ ಜನ ಕೇಳುತ್ತಾರೆ. ಚಿಪ್ ತಯಾರಿಸುವ ಇಂಟೆಲ್‌ನಲ್ಲಿ ಆ್ಯಂಡಿ ಗ್ರೋವ್ ಬೆಳೆಸಿದ ಆ ಪದ್ಧತಿಯನ್ನು ಹೂಡಿಕೆದಾರ ಜಾನ್ ಡೋರ್ 1999ರಲ್ಲಿ ಗೂಗಲ್‌ಗೆ ತಂದರು. ಗುರಿ ಒಪ್ಪಿಕೊಂಡ ಮೇಲೆ ಅದನ್ನು ಬರೆದು ಅಳೆಯಲು ಅದು ನೆರವಾಗುತ್ತದೆ. ಏನನ್ನು ಆರಿಸಬೇಕೆಂದು ಅದು ಹೇಳುವುದಿಲ್ಲ.

ಇಲ್ಲಿ ಎಲ್ಲರೂ ನೆಂಟರು, ಪರಿಚಿತರು. ಕಠಿಣವಾದ ಮಾತು ಹೇಳುವುದು ಹೇಗೆ?

ಸಣ್ಣ ಜಿಲ್ಲೆಯ ನಿಜವಾದ ಕಷ್ಟ ಇದು. ನಿಮ್ಮ ಎಂಜಿನಿಯರ್ ನಿಮ್ಮ ಅಣ್ಣನ ಸಹಪಾಠಿ, ಡಿಸೈನರ್‌ನ ಅತ್ತೆ ನಿಮ್ಮ ತಾಯಿಯ ಗೆಳತಿ. ಭಾನುವಾರ ಮದುವೆ ಮನೆಯಲ್ಲಿ ಮುಖ ನೋಡಬೇಕು. ಅದಕ್ಕೆ ಹೆದರಿ ಮಾತನ್ನು ಮುಂದೂಡಿದರೆ ವರ್ಷದ ಕೊನೆಗೆ ಒಂದೇ ಸಲ ಎಲ್ಲವೂ ಹೊರಬೀಳುತ್ತದೆ, ಆಗ ಸಂಬಂಧವೂ ಕೆಡುತ್ತದೆ.

ಬೇಗ ಹೇಳಿ, ಏಕಾಂತದಲ್ಲಿ ಹೇಳಿ, ಒಂದು ಘಟನೆಯ ಬಗ್ಗೆ ಮಾತ್ರ ಹೇಳಿ. ವಯಸ್ಸಿನಲ್ಲಿ ಹಿರಿಯರಾದವರಿಗೆ, ‘ಅಣ್ಣಾ, ನಿನ್ನೆಯ ಸಭೆಯಲ್ಲಿ ಆ ಹುಡುಗಿ ಮಾತು ಮುಗಿಸುವ ಮೊದಲೇ ನೀವು ಅದು ಆಗದು ಎಂದಿರಿ. ಆಮೇಲೆ ಅವಳು ಬಾಯಿ ತೆರೆಯಲಿಲ್ಲ. ಅವಳ ಬಳಿ ಇದ್ದ ಮಾಹಿತಿ ನಮಗೆ ತಪ್ಪಿಹೋಯಿತು’ ಎಂದು ಹೇಳಬಹುದು. ಗೌರವದ ಸಂಬೋಧನೆ ಹಾಗೇ ಇರಲಿ, ವಿಷಯವನ್ನು ಮೆತ್ತಗೆ ಮಾಡಬೇಡಿ. ‘ನಿಮ್ಮದು ಯಾವಾಗಲೂ ಹೀಗೆಯೇ’ ಎಂಬ ಮಾತು ಬಂದರೆ ಅಲ್ಲಿಗೆ ಕಲಿಕೆ ಮುಗಿಯಿತು.

ಎಷ್ಟು ದಿನದಲ್ಲಿ ಫಲ ಕಾಣುತ್ತದೆ?

ವಾರ ತಪ್ಪದ ಕೆಲಸವಾದರೆ ಮೂರು ತಿಂಗಳಲ್ಲಿ ಬರವಣಿಗೆಯಲ್ಲಿ, ಪ್ರಶ್ನೆಗಳ ಗುಣಮಟ್ಟದಲ್ಲಿ ಬದಲಾವಣೆ ಕಾಣುತ್ತದೆ. ಸ್ವತಂತ್ರವಾಗಿ ಉತ್ಪನ್ನದ ಹೊಣೆ ಹೊರಲು ಹೆಚ್ಚಿನವರಿಗೆ ಒಂದು ವರ್ಷವಾದರೂ ಬೇಕು. ಮುಖ್ಯಸ್ಥರಿಗೆ ಇನ್ನೂ ಹೆಚ್ಚು.

ಕೋಚಿಂಗ್ ಫಲಿಸದೇ ಹೋಗುವುದೂ ಇದೆಯೇ?

ಇದೆ. ಕೆಲಸದ ಮೇಲೆ ಆಸೆಯೇ ಇಲ್ಲದವರಿಗೆ, ತನ್ನ ಊಹೆ ತಪ್ಪಿರಬಹುದೆಂದು ಒಪ್ಪದವರಿಗೆ ಫಲಿಸುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಸೋಲುವುದು ಕಂಪನಿಯ ಕಾರಣದಿಂದ. ಮಾಲೀಕರು ಮೇಲಿನಿಂದ ಫೀಚರ್‌ಗಳ ಪಟ್ಟಿ ಇಳಿಸಿ, ದಿನಾಂಕ ಕೊಟ್ಟು, ಪ್ರಾಡಕ್ಟ್ ಮ್ಯಾನೇಜರ್‌ಗಳನ್ನು ಅದರ ಬೆನ್ನು ಹತ್ತುವವರನ್ನಾಗಿ ಇಟ್ಟುಕೊಂಡರೆ ನಾನು ವಿವೇಚನೆ ಕಲಿಸಿ ಪ್ರಯೋಜನವಿಲ್ಲ. ಅದನ್ನು ಬಳಸಲು ಅವರಿಗೆ ಅವಕಾಶವೇ ಇಲ್ಲ. ಅಂಥಲ್ಲಿ ನಾನು ಮಾಲೀಕರ ಬಳಿಯೇ ನೇರವಾಗಿ ಮಾತನಾಡುತ್ತೇನೆ. ಒಂದು ತಂಡಕ್ಕಾದರೂ ಪಟ್ಟಿಯ ಬದಲು ಪರಿಹರಿಸಬೇಕಾದ ಸಮಸ್ಯೆಯನ್ನು ಕೊಟ್ಟು ನೋಡಿ ಎಂದು ಕೇಳುತ್ತೇನೆ. ಒಪ್ಪದಿದ್ದರೆ ಆ ಕೆಲಸ ಒಪ್ಪಿಕೊಳ್ಳುವುದಿಲ್ಲ.

ಎಐ ಎಲ್ಲ ಟಿಪ್ಪಣಿಗಳನ್ನೂ ಬರೆದುಕೊಡುವಾಗ ಇಷ್ಟೆಲ್ಲ ಶ್ರಮ ಬೇಕೇ?

ಈಗ ಇನ್ನೂ ಹೆಚ್ಚು ಬೇಕು. ಸಭೆಯ ಸಾರಾಂಶ, ಸ್ಪರ್ಧಿಗಳ ಮಾಹಿತಿಯ ಮೊದಲ ಸುತ್ತು, ಮಾದರಿ ಪರದೆಗಳು ಇವಕ್ಕೆಲ್ಲ ಅದನ್ನು ಧಾರಾಳವಾಗಿ ಬಳಸಿ. ಆದರೆ ನಯವಾದ ಟಿಪ್ಪಣಿ ಯಾರಿಗೂ ಸುಲಭವಾಗಿ ಸಿಗುವಾಗ, ಟಿಪ್ಪಣಿ ನೋಡಿ ಯೋಚನೆ ಅಳೆಯುವುದು ಕೋಚ್‌ಗೆ ಕಷ್ಟವಾಗಿದೆ. ಆದ್ದರಿಂದ ಪರದೆ ಮುಚ್ಚಿಸಿ, ‘ಈ ಎರಡನೇ ಪ್ಯಾರಾದ ವಾದವನ್ನು ನಿಮ್ಮ ಮಾತಿನಲ್ಲಿ ಹೇಳಿ, ಇದು ಯಾವ ಬಳಕೆದಾರರಿಂದ ತಿಳಿಯಿತು ಹೇಳಿ’ ಎನ್ನುತ್ತೇನೆ. ತಕ್ಕಡಿಯ ಪಕ್ಕದಲ್ಲಿ ನಿಂತು ಬಂದವರು ಉತ್ತರಿಸುತ್ತಾರೆ.

ಪುಟ್ಟ ಕಂಪನಿಯಲ್ಲಿ ನಾನೊಬ್ಬಳೇ ಪ್ರಾಡಕ್ಟ್ ಮ್ಯಾನೇಜರ್. ಕಲಿಸುವವರು ಯಾರೂ ಇಲ್ಲ. ಏನು ಮಾಡಲಿ?

ಬೇರೆ ಕಂಪನಿಯಲ್ಲಿರುವ ಇನ್ನೊಬ್ಬ ಪ್ರಾಡಕ್ಟ್ ಮ್ಯಾನೇಜರನ್ನು ಹುಡುಕಿಕೊಳ್ಳಿ; ಕೊಡಗಿನಲ್ಲೇ ಸಿಗುತ್ತಾರೆ. ಸ್ಪರ್ಧಿಗಳಾಗಿರಬಾರದು, ಕಂಪನಿಯ ಗುಟ್ಟು ಹೇಳಬಾರದು, ಇಷ್ಟೇ ನಿಯಮ. ಹದಿನೈದು ದಿನಕ್ಕೊಮ್ಮೆ ಕುಶಾಲನಗರದಲ್ಲೋ ಸುಂಟಿಕೊಪ್ಪದಲ್ಲೋ ಕುಳಿತು, ಒಬ್ಬರು ತಂದ ತೀರ್ಮಾನವನ್ನು ಇನ್ನೊಬ್ಬರು ಪ್ರಶ್ನಿಸಿ. ಒಂದು ಸಲ ನಿಮ್ಮದು, ಮುಂದಿನ ಸಲ ಅವರದು.

ಅದರ ಜೊತೆಗೆ ಒಂದು ತೀರ್ಮಾನ ಪುಸ್ತಕ ಇಡಿ. ಯಾವ ದಿನ ಏನು ತೀರ್ಮಾನಿಸಿದಿರಿ, ಏನಾಗುತ್ತದೆ ಎಂದು ನಿರೀಕ್ಷಿಸಿದಿರಿ, ಯಾವ ಆಧಾರದ ಮೇಲೆ ಎಂದು ನಾಲ್ಕು ಸಾಲು ಬರೆಯಿರಿ. ಮೂರು ತಿಂಗಳ ನಂತರ ಪಕ್ಕದ ಪುಟದಲ್ಲಿ ನಿಜವಾಗಿ ಏನಾಯಿತು ಎಂದು ಬರೆಯಿರಿ. ಇಂದು ಸಂಜೆಯೇ ಶುರು ಮಾಡಬಹುದು. ಈ ವಾರ ತೆಗೆದುಕೊಂಡ ಕೊನೆಯ ತೀರ್ಮಾನ ಮೊದಲ ಪುಟಕ್ಕೆ ಬರಲಿ.